ತಗಡಿಗೆ ಬಿದ್ದ ಮೂರು ಏಟು

ದೆವ್ವ, ಗಾಳಿ, ಶಕುನ ಅಂತ ಯಾರರ ಬಾಯಿ ತೆಗದ್ರ ಸಾಕು, ಎದ್ದು ಹೋಗತಿದ್ದ ಮನಷ್ಯಾ ನಾನು. ಅಮವಾಸಿ ದಿನ ನೀರಿಗೆ ಇಳಿಬ್ಯಾಡೋ ಅಂತ ನಮ್ಮವ್ವ ಅಂದ್ರ ಬೇಕಂತನ ಇಳಿತಿದ್ದೆ. ಹಂಗಾಗಿ ಈಗ ನಾ ಹೇಳೂದನ್ನ ನಂಬ್ರಿ ಅಂತ ನಿಮಗ ಕೈ ಮುಗಿಯೂದಿಲ್ಲ. ಬ್ಯಾರೆ ಯಾರರ ಹೇಳಿದ್ರ ನಾನೂ ನಂಬತಿರಲಿಲ್ಲ. ಆದ್ರ ಕೇಳಿಸಿಕೊಂಡಿದ್ದು ನನ್ನವ ಎರಡು ಕಿವಿ. ಅವನ್ನ ಕಿತ್ತು ಎಲ್ಲಿ ಒಗದು ಬರ್ಲಿ ಹೇಳ್ರಿ.

ನಂದು ಹಿಟ್ನಾಳದ ಕಡೆ ಒಂದು ಹಳ್ಳಿ. ಅಜ್ಜ ಹೊಳ್ಯಾಗ ಹರಗೋಲು ಹಾಕತಿದ್ದ. ನಾ ಈಗ ಗಂಗಾವತಿಯ ಒಂದು ರೈಸ್ ಮಿಲ್ಲಿನಾಗ ಚೀಲ ತೂಗೂ ಕಡೆ ನಿಲ್ಲತೀನಿ. ನಡುವ ಏಳೆಂಟು ವರ್ಷ ನಾ ಮಾಡಿದ್ದು ಸರ್ಫ್ ಕಯಾಕಿಂಗ್. ಒಬ್ಬನ ಕುಂದರೂವಂಥ ಸಣ್ಣ ದೋಣಿ, ಎರಡೂ ತುದಿಗೆ ಹಲಗಿ ಇರೂ ಹುಟ್ಟು. ಸಮುದ್ರದಾಗ ತೆರಿ ಏಳೂ ಹೊತ್ತಿಗೆ ಸರಿಯಾಗಿ ಅದರ ಬೆನ್ನ ಹತ್ತಬೇಕು, ದಂಡಿ ತನಕ ಜಾರಕೋತ ಬರಬೇಕು, ಜಾರೂವಾಗ ಹೊರಳಬೇಕು, ತಿರಗಬೇಕು. ದಂಡಿ ಮ್ಯಾಲ ಕುಂತವರು ಅದಕ್ಕ ಮಾರ್ಕ್ಸ್ ಹಾಕತಾರ. ಕೊಪ್ಪಳ ಜಿಲ್ಲಾದಾಗ ಹುಟ್ಟಿದವಗ ಯಾಕಪಾ ಈ ಉಸಾಬರಿ ಅಂತ ನೀವು ಕೇಳಬಹುದು. ಎಲ್ಲಾರೂ ಕೇಳ್ಯಾರ. ನಮ್ಮ ಯಲಬುರ್ಗಿ ಕಡೆನೂ ಮಂಗಳೂರು ಅಂತ ಒಂದು ಹಳ್ಳಿ ಐತಿ. ಮೊದಲನೇ ಸಲ ಸ್ಪರ್ಧಾಕ್ಕ ಮಂಗಳೂರಿಗೆ ಹೊಂಟೀನಿ ಅಂದಾಗ ನಮ್ಮ ಚಿಗವ್ವ, ‘ಯಲಬುರ್ಗಿ ಮಂಗಳೂರಿಗೇನು? ಅಲ್ಲಿ ಕೆರಿನ ಬತ್ತಿ ಹೋಗೈತಿ, ನೀ ಯಾವ ಸಮುದ್ರಕ್ಕ ಬೀಳತಿ?’ ಅಂದು ಊರಿಗೆಲ್ಲಾ ಹೇಳಿ ನಕ್ಕಿದ್ಳು.

ಈ ಹುಚ್ಚು ನನಗೊಬ್ಬನಿಗೆ ಹತ್ತಿದ್ದಲ್ಲ. ಯಮನೂರಪ್ಪ ಅಂತ ಒಬ್ಬ ಗೆಳೆಯ ಇದ್ದ. ಇದ್ದ ಅಂದ್ರ, ಈಗೂ ಅದಾನ. ಅಂವನ ಊರು ತಾವರಗೇರಾ, ಅವರಪ್ಪನದು ಅಲ್ಲಿ ಹಿಟ್ಟಿನ ಗಿರಣಿ. ಸಾಲಿ ಕಲಿಯಾಕ ಅಂತ ನಮ್ಮೂರಾಗ ಸೋದರಮಾವನ ಮನ್ಯಾಗ ಉಳದಿದ್ದ. ಒಂದು ಬ್ಯಾಸಗಿ ಡ್ಯಾಮಿನ ಹಿನ್ನೀರಿನಾಗ ದೋಣಿ ಕಲಿಸೂ ಶಿಬಿರ ನಡೀತು. ಕರಾವಳಿ ಕಡೆಯಿಂದ ಬಂದಿದ್ದ ಕೋಚ್ ಸರ್ ನಮ್ಮಿಬ್ಬರ ರಟ್ಟಿ ನೋಡಿ ಖುಷಿಯಾಗಿ, ಹೋಗೂವಾಗ ಒಂದು ಒಡಕ ಕಯಾಕ್ ನಮಗ ಬಿಟ್ಟು ಹೋದ್ರು. ಅದಕ್ಕ ತ್ಯಾಪಿ ಹಚ್ಚಿದ್ವಿ. ಇಬ್ಬರಿಗೂ ಸೇರಿ ಅದೊಂದ ದೋಣಿ.

ಸಮುದ್ರ ಇಲ್ಲ, ತೆರಿ ಎಲ್ಲಿಂದ ತರೂದು? ಹುಡಿಕ್ಯಾಡಿ ಹುಡಿಕ್ಯಾಡಿ ಕಡೀಕ ಕಾಲುವಿಯಾಗ ಸಿಕ್ತು. ಎಡದಂಡಿ ಕಾಲುವಿ ನಮ್ಮೂರಿನ ಮುಂದ ಒಂದು ಕಡೆ ಆಳೆತ್ತರ ತೆಳಗ ಧುಮುಕತೈತಿ. ಧುಮುಕಿದ ನೀರು ಅಲ್ಲೇ ಪುಟದು ಮ್ಯಾಲೆದ್ದು ಒಂದು ತೆರಿ ಆಗಿ ನಿಂತಬಿಡತೈತಿ. ಸಮುದ್ರದ ತೆರಿ ಬಂದು ಹೋಗತೈತಿ, ಇದು ಹೋಗೂದ ಇಲ್ಲ. ಕಾಲುವಿಗೆ ನೀರು ಬಿಟ್ಟಿರೂ ತನಕ ಇಪ್ಪತ್ನಾಕು ತಾಸು ನಮಗ ತಯಾರಾಗಿ ನಿಂತ ತೆರಿ. ಅದರ ಮ್ಯಾಲ ದೋಣಿ ಇಟ್ಟು, ನೀರು ಬರೂ ಕಡೆ ಮಾರಿ ಮಾಡಿ ಕುಂತು, ಆಕಡೆ ಈಕಡೆ ಹೊರಳೂದನ್ನ ಕಲತ್ವಿ. ಕರಾವಳಿ ಹುಡುಗರು ವರ್ಷದಾಗ ಕಲಿಯೂದನ್ನ ನಾವು ಮೂರು ತಿಂಗಳದಾಗ ಕಲತ್ವಿ ನೋಡ್ರಿ, ಸುಳ್ಳಲ್ಲ.

ಒಂದ ತೊಡಕು. ತೆರಿ ಮ್ಯಾಲ ಕುಂತವಗ ಧುಮುಕಿನ ಮ್ಯಾಲಿಂದ ಏನು ತೇಲಿ ಬರಾಕ ಹತ್ತೈತಿ ಅನ್ನೂದು ಕಾಣಂಗಿಲ್ಲ. ಗಿಡದ ಬೊಡ್ಡಿ ಬಂದ್ರ ಸೀದಾ ಎದಿ ಮ್ಯಾಲ. ಅದಕ್ಕ ಒಬ್ಬಂವ ನೀರಾಗ ಇದ್ದಾಗ ಇನ್ನೊಬ್ಬಂವ ಮ್ಯಾಲ ಸಣ್ಣ ಸೇತುವಿ ಮ್ಯಾಲ ಕಾವಲು ನಿಲ್ಲೂದು. ಕೂಗಿದ್ರ ಆ ಸಪ್ಪಳದಾಗ ಕೇಳಂಗಿಲ್ಲ. ನಮ್ಮಜ್ಜ ಹರಗೋಲಿನ ಅಂಚಿಗೆ ಹುಟ್ಟಿಂದ ಬಡಿತಿದ್ದ. ಎರಡು ಏಟು ಬಡದ್ರ ಬರ್ರಿ, ಹತ್ತರಿ. ಮೂರು ಬಡದ್ರ ನಿಲ್ಲರಿ, ನೀರು ಛಲೋ ಇಲ್ಲ. ಹೊಳಿ ಮುಂದ ಬಾಯಿ ನಡಿಯಂಗಿಲ್ಲ, ಕಟ್ಟಿಗಿ ನಡೀತೈತಿ ಅಂತಿದ್ದ. ನಾವು ಅದನ್ನ ಹಿಡಕೊಂಡ್ವಿ. ಸೇತುವಿ ಮ್ಯಾಲ ‘ಇಲ್ಲಿ ಈಜಬಾರದು, ಅಪಾಯ’ ಅಂತ ಬರದ ಒಂದು ಜಂಗು ಹಿಡದ ತಗಡು ಇತ್ತು. ಅದಕ್ಕ ಕಟ್ಟಿಗಿ ತಗೊಂಡು ಬಡಿಯೂದು. ತಗಡಿನ ಸಪ್ಪಳ ಕಣಕಣ ಅಂತ ನೀರಿನ ಸಪ್ಪಳ ಸೀಳಿಕೊಂಡು ಬರತಿತ್ತು. ಒಂದು ಸಲನೂ ಕೇಳಿಸಲಿಲ್ಲ ಅಂತ ಆಗಿದ್ದಿಲ್ಲ.

ಈಗ ಕೆಟ್ಟ ಸುದ್ದಿ ಹೇಳತೀನಿ. ನನ್ನ ಹೆಂಡ್ತಿಗೂ ಹೇಳಿಲ್ಲ ಇದನ್ನ.

ರಾಜ್ಯದ ತಂಡದ ಆಯ್ಕಿಗೆ ಇನ್ನ ಒಂದು ವಾರ ಉಳದಿತ್ತು. ನಮ್ಮ ಭಾಗಕ್ಕ ಅಂತ ಇದ್ದದ್ದು ಒಂದ ಜಾಗ, ಮತ್ತ ಯಮನೂರ ನನಗಿಂತ ಛಲೋ ಇದ್ದ. ಅದು ಅಂವಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಲುವಿಗೆ ಹೊಸಾ ನೀರು ಬಿಟ್ಟು ಎರಡು ದಿನ ಆಗಿತ್ತು. ಹೊಸಾ ನೀರಿಗೆ ಒಂದು ವಾರ ಇಳಿಬಾರದು ಅಂತ ನಮ್ಮ ಕಡೆ ಹಿರೇರು ಹೇಳತಾರ, ಖಾಲಿ ಕಾಲುವಿಯಾಗ ಬಿದ್ದಿದ್ದ ಜಾಲಿಮುಳ್ಳು, ಬೊಡ್ಡಿ, ಕಸ ಎಲ್ಲಾ ಎಬ್ಬಿಸಿಕೊಂಡು ಬರತೈತಿ. ಆದ್ರ ಆಯ್ಕಿ ಹತ್ರ ಬಂದಿತ್ತು, ತಡಕೊಳ್ಳಾಕ ಆಗಲಿಲ್ಲ. ನಾಕು ಗಂಟೆ ಬಿಸಲಾಗ ಅಂವ ಇಳದ, ನಾ ಸೇತುವಿ ಮ್ಯಾಲ ನಿಂತೆ.

ಜಾಲಿ ಬೊಡ್ಡಿ ಬರೂದು ನನಗ ದೂರದಿಂದ ಕಾಣ್ತು. ಕಟ್ಟಿಗಿ ಎತ್ತಿದೆ. ಎತ್ತಿದ ಕೈ ತೆಳಗ ಬರಲಿಲ್ಲ.

ಕೈ ಹಿಡಕೊಂತು, ದಂಗಾತು ಅಂತ ಹೇಳಬಹುದಿತ್ತು. ಅದು ಸುಳ್ಳು. ಒಂದ ಜಾಗ ಐತಿ ಅನ್ನೂದು ತಲ್ಯಾಗ ಬಂತು. ಸ್ವಲ್ಪ ಪೆಟ್ಟಾಗತೈತಿ, ಅಂಜತಾನ, ಒಂದು ವಾರ ನೀರಿಗೆ ಇಳಿಯೂದಿಲ್ಲ, ಅಷ್ಟ. ಅಷ್ಟ ಅಂದುಕೊಂಡೆ ನಾನು, ನಮ್ಮಜ್ಜನ ಆಣಿ. ಬೊಡ್ಡಿ ಸೇತುವಿ ತೆಳಗ ಹಾದು ಹೋಗೂ ತನಕ ಕಟ್ಟಿಗಿ ಹಿಡಕೊಂಡ ನಿಂತಿದ್ದೆ. ಆಮ್ಯಾಲ ಅಂವ ಚೀರಿದ್ದು ಕೇಳ್ತು. ಓಡಿ ಹೋಗಿ ಎಳಕೊಂಡು ಬಂದೆ. ಬಲ ರಟ್ಟಿ ಭುಜದಿಂದ ಜೋತು ಬಿದ್ದಿತ್ತು.

‘ಬಡದೆನೋ ಯಮನೂರ, ಮೂರು ಸಲ ಬಡದೆ’ ಅಂತ ಅಳಕೋತ ಹೇಳಿದೆ. ಅಳು ಮಾತ್ರ ಖರೇ ಇತ್ತು.

ಅಂವ ಹಲ್ಲು ಕಚ್ಚಿಕೊಂಡು, ‘ಬಡದಿರತಿ ಬಿಡೋ. ನೀರಿನ ಸಪ್ಪಳ ಭಾಳ ಇತ್ತು’ ಅಂದ.

ದವಾಖಾನಿ, ಆಪರೇಷನ್, ಎಲ್ಲಾ ಆತು. ಕೈ ಉಳೀತು, ಹೆಗಲಿನ ಮ್ಯಾಲ ಎತ್ತಾಕ ಬರದಂಗಾತು. ಅಂವ ತಾವರಗೇರಾಕ್ಕ ಹೋಗಿ ಅಪ್ಪನ ಗಿರಣಿ ಹಿಡದ. ಹೋಗೂವಾಗ ದೋಣಿ ಮ್ಯಾಲ ಎಡಗೈ ಇಟ್ಟು, ‘ನೀನರ ಆಡು, ನಮ್ಮಿಬ್ಬರದೂ ನೀನ ಆಡು’ ಅಂದ. ಆ ಮಾತು ಕೇಳೂದಕ್ಕಿಂತ ಅಂವ ಕಪಾಳಕ್ಕ ಹೊಡದಿದ್ರ ಛಲೋ ಇತ್ತು. ಆ ಒಂದ ಜಾಗ ನನಗ ಸಿಕ್ತು. ಉಂಡ ಮನಿ ಜಂತಿ ಎಣಿಸಿದಂವ ಅಂತಾರಲ್ಲ, ನಾ ಜಂತಿನ ಕಿತ್ತುಕೊಂಡು ಹೋದೆ.

ಮೂರು ವರ್ಷ ಆಡಿದೆ. ಬರಬರತ ಹೆಸರು ಆತು. ಕಡೀಕ ಕರಾವಳಿಯ ಒಂದು ದಂಡಿ ಮ್ಯಾಲ ದೇಶದ ಮಟ್ಟದ ಫೈನಲ್ಲಿಗೆ ಬಂದು ನಿಂತೆ. ಮೊದಲ ಇಬ್ಬರಿಗೆ ಭಾರತದ ತಂಡದಾಗ ಜಾಗ. ತಂಡದಾಗ ಆಡಿದ್ರ ಸರ್ಕಾರಿ ನೌಕರಿ ಅಂತ ಎಲ್ಲಾರೂ ಹೇಳಿದ್ರು. ಅವತ್ತು ಐತವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಫೈನಲ್ ಮುಗಿಯಾಕ ನಾಕೈದು ಮಿನಿಟ ಇತ್ತು, ನಾ ಎರಡನೇ ನಂಬರಿನಾಗ ಇದ್ದೆ. ಇನ್ನೊಂದು ಛಲೋ ತೆರಿ ಸಿಕ್ಕಿದ್ರ ಯಾರೂ ನನ್ನ ಹಿಂದ ಹಾಕತಿರಲಿಲ್ಲ.

ತೆರಿ ಬಂತು. ಅವತ್ತಿನ ಎಲ್ಲಾಕ್ಕಿಂತ ದೊಡ್ಡದು, ನುಣ್ಣಗ, ಎಲ್ಲಿಯೂ ಮುರದಿದ್ದಿಲ್ಲ. ಅದರ ಮುಂದ ನಾನ ಇದ್ದೆ, ಅದನ್ನ ಹಿಡಿಯೂ ಹಕ್ಕೂ ನಂದ. ತಿರುಗಿಸಿ ನಾಕು ಹುಟ್ಟು ಹಾಕಿದೆ. ದೋಣಿ ಹಿಂದಿನ ತುದಿ ಮ್ಯಾಲೆದ್ದಿತು. ಇನ್ನೊಂದು ಹುಟ್ಟು ಹಾಕಿದ್ರ ಜಾರತಿದ್ದೆ.

ಆವಾಗ ಕೇಳ್ತು. ಕಣ್, ಕಣ್, ಕಣ್. ತಗಡಿಗೆ ಕಟ್ಟಿಗಿ ಬಡದ ಸಪ್ಪಳ. ದೂರದಿಂದ ಅಲ್ರಿ, ನಾ ಕುಂತ ಜಾಗದ ತೆಳಗ, ದೋಣಿ ಹೊಟ್ಟ್ಯಾಗ. ನನ್ನ ದೋಣಿ ಫೈಬರಿಂದು. ಅದಕ್ಕ ಏನ ಬಡದ್ರೂ ದಬದಬ ಅಂತೈತಿ, ಕಣ್ ಅನ್ನಂಗಿಲ್ಲ. ಇದು ನಮ್ಮೂರ ಸೇತುವಿ ಮ್ಯಾಲಿನ ತಗಡು. ಏಟಿಗೂ ಏಟಿಗೂ ನಡುವ ಬಿಡತಿದ್ದ ಹೊತ್ತು ಸೈತ ಯಮನೂರಂದ.

ಎಷ್ಟೋ ವರ್ಷದ ರೂಢಿ, ಕೈ ತಾನ ನಿಂತು ಹೋತು. ಬೊಡ್ಡಿ ಎಲ್ಲಿ ಐತಿ ಅಂತ ಸಮುದ್ರದಾಗ ಹುಡುಕಿದೆ. ಏನೂ ಇದ್ದಿಲ್ಲ. ತೆರಿ ನನ್ನ ತೆಳಗ ಹಾದು ಮುಂದಕ್ಕ ಹೋತು. ಪಕ್ಕದಾಗ ಇದ್ದ ಕರಾವಳಿಯಂವ ಅದನ್ನ ಹಿಡದ, ದಂಡಿ ತನಕ ಹೊರಳಿಕೋತ ಹೋದ, ಜನ ಹೋ ಅಂತು. ಅಂವಗ ಕೂದಲೂ ಕೊಂಕಲಿಲ್ಲ. ಅಷ್ಟರಾಗ ಮುಗೀತು ಅಂತ ಹಾರ್ನ್ ಹೊಡದ್ರು. ನಾ ಮೂರನೇದವ ಆದೆ.

ದಂಡಿಗೆ ಬಂದು ದೋಣಿ ಮಗಚಿ ಹಾಕಿದೆ. ಒಳಗ ಕೈ ಹಾಕಿ ಮೂಲಿ ಮೂಲಿ ತಡವಿದೆ. ಒಂದು ಮೊಳಿ, ಒಂದು ಹಳಕು ಸೈತ ಇದ್ದಿಲ್ಲ. ಕೋಚ್ ಸರ್ ಬೈದು ಬೈದು ದಣದ್ರು. ಏನಂತ ಹೇಳ್ಲಿ? ತಗಡಿನ ಸಪ್ಪಳ ಕೇಳ್ತು, ಅದಕ್ಕ ನಿಂತೆ ಅಂತ ಹೇಳಿದ್ರ ಅವರು ನನ್ನ ಹುಚ್ಚರ ದವಾಖಾನಿಗೆ ಹಾಕತಿದ್ರು.

ಬುಧವಾರ ಸೀದಾ ತಾವರಗೇರಾಕ್ಕ ಹೋದೆ. ಬಸ್ಸಿನಾಗ ಕುಂತು ಗಟ್ಟಿ ಮಾಡಿಕೊಂಡಿದ್ದೆ, ಇವತ್ತು ಹೇಳಿಬಿಡೂದು, ಅಂವ ಉಗುಳಲಿ, ಒದೀಲಿ. ಗಿರಣಿ ಮುಂದ ಜ್ವಾಳದ ಡಬ್ಬಿ ಇಟ್ಟುಕೊಂಡು ಹೆಣ್ಣಮಕ್ಕಳು ಸಾಲಾಗಿ ಕುಂತಿದ್ರು. ಯಮನೂರನ ಹುಬ್ಬು, ಮೀಸಿ ಎಲ್ಲಾ ಹಿಟ್ಟು. ಕಾಳು ಇಳೀಲಿ ಅಂತ ಎಡಗೈಯಾಗ ಒಂದು ಕಟ್ಟಿಗಿ ಹಿಡಕೊಂಡು ಮ್ಯಾಲಿನ ತಗಡಿನ ಬುಟ್ಟಿಗೆ ಬಡಿಯಾಕ ಹತ್ತಿದ್ದ. ಕಣ್, ಕಣ್. ನಾ ಬಾಗಲದಾಗ ನಿಂತು ಮೂರನೇ ಏಟಿಗೆ ಕಾದೆ.

‘ಬಾರಲೇ ಮೂರನೇ ನಂಬರ್’ ಅಂತ ನಕ್ಕೋತ ಕರದ. ಗಿರಣಿ ಬಂದ್ ಮಾಡಿ ಚಾ ತರಿಸಿದ. ಒಬ್ಬ ಮುದುಕಿ, ‘ಗೆಳೆಯ ಬಂದ್ರ ನಮ್ಮ ರೊಟ್ಟಿ ಗತಿ ಏನೋ ಯಪ್ಪಾ’ ಅಂತ ಗೊಣಗಿದ್ಳು. ‘ತಡೀಬೇ, ಗೆಳೆಯ ಸೋತು ಬಂದಾನ’ ಅಂದ.

ನಾ ಬಾಯಿ ತೆಗಿಯೂದರಾಗ ಅಂವನ ಹೇಳಿದ. ‘ಐತವಾರ ಇಲ್ಲಿ ಕರೆಂಟ್ ಹೋಗಿತ್ತು. ಹನ್ನೊಂದರ ಸುಮಾರು. ಸುಮ್ನ ಕುಂತಿದ್ದೆ. ನಿಂದು ಫೈನಲ್ ನೆನಪಾತು. ಏನ ತಿಳೀತೋ ಏನೋ, ಈ ಕಟ್ಟಿಗಿ ತಗೊಂಡು ಈ ತಗಡಿಗೆ ಮೂರು ಸಲ ಬಡದೆ.’

ಚಾದ ಕಪ್ಪು ತೆಳಗ ಇಟ್ಟೆ. ‘ಯಾಕ?’ ಅಂದೆ.

‘ಏನಿಲ್ಲಪಾ. ಅವತ್ತು ನೀ ಬಡದದ್ದು ನನಗ ಕೇಳಲಿಲ್ಲ. ನಾ ಬಡದದ್ದು ನಿನಗ ಕೇಳತೈತೇನು ನೋಡೂನು ಅಂತ.’ ನಕ್ಕ. ಅಂವನ ಕಣ್ಣು ನೋಡಿದೆ. ಹುಬ್ಬಿನ ಮ್ಯಾಲ ಹಿಟ್ಟು, ನಗೂ ಮಾರಿ, ಅದರ ಹಿಂದ ಏನೈತಿ ಅಂತ ತಿಳೀಲಿಲ್ಲ. ‘ಕೇಳ್ತೇನು?’ ಅಂದ.

‘ಇಲ್ಲಲೇ’ ಅಂದೆ. ‘ನೀರಿನ ಸಪ್ಪಳ ಭಾಳ ಇತ್ತು.’

ಅಂವ ಹೌದನ್ನೂವಂಗ ತಲಿ ಆಡಿಸಿ, ಚಾ ಕುಡದು, ಎದ್ದು ಹೋಗಿ ಗಿರಣಿ ಚಾಲೂ ಮಾಡಿದ.

ಇದಾಗಿ ವರ್ಷಗಳಾದ್ವು. ನಾನೂರು ಕಿಲೋಮೀಟರ್ ದೂರದ ಗಿರಣಿ ಸಪ್ಪಳ ಸಮುದ್ರದಾಗ ನನ್ನ ದೋಣಿ ಒಳಗ ಹೆಂಗ ಬಂತು ಅಂತ ನನಗ ಇನ್ನೂ ತಿಳದಿಲ್ಲ. ನನ್ನ ಪಾಪದ ಮನಸ ಬಾರಿಸ್ತು ಅಂತ ನೀವು ಅನ್ನಬಹುದು, ನಾನೂ ಅಂದುಕೊಂಡು ನೋಡೀನಿ. ಹಂಗಾದ್ರ ಅದ ಹೊತ್ತಿನಾಗ ಅಂವ ಯಾಕ ಬಡದ? ಅಂವಗ ಮೊದಲಿಂದ ಗೊತ್ತೈತೋ, ಇಲ್ಲ ಸುಮ್ನ ಗೆಳೆಯನ ನೆನಪಿಗೆ ಬಡದನೋ, ಅದೂ ತಿಳದಿಲ್ಲ. ಕೇಳೂ ಧೈರ್ಯ ಇಲ್ಲ.

ಕೇಳ್ತು ಅಂತ ಒಂದ ಮಾತು ಅವತ್ತ ಹೇಳಿದ್ರ ಹಗುರ ಆಗತಿತ್ತೇನೋ. ಆದ್ರ ನಾನೂರು ಕಿಲೋಮೀಟರ್ ಆಚೆ, ಸಮುದ್ರದ ಸಪ್ಪಳದಾಗ ನನಗ ಕೇಳ್ತು ಅಂದ್ರ, ಮೂವತ್ತು ಹೆಜ್ಜಿ ದೂರದಾಗ ಇದ್ದ ಅಂವಗ ಯಾಕ ಕೇಳಲಿಲ್ಲ ಅಂತ ಅಂವ ಕೇಳತಿದ್ದ. ಅದಕ್ಕ ಇಲ್ಲ ಅಂದೆ.