ಆರತಿ ತಟ್ಟೆ ಏರುವಷ್ಟು

“ಅಮ್ಮಾ, ಇದು ನಿಮ್ಮ ಸೋಮಾರಿತನ ಅಲ್ಲ. ಆಪರೇಷನ್ನಿಗೆ ನಾವು ಕೊಟ್ಟ ನೋವಿನ ಮದ್ದೇ ಸ್ನಾಯುವಿಗೆ ಪೆಟ್ಟು ಮಾಡಿದೆ,” ಎಂದರು ಎರ್ನಾಕುಲಂನ ಡಾಕ್ಟರು, ಕುರ್ಚಿ ಎಳೆದು ನನ್ನೆದುರು ಕೂತು.

ಅಲ್ಲೇ ಬಲಭುಜದ ಆಪರೇಷನ್ ಆದಾಗ, ಮೆಲ್ಲಮೆಲ್ಲನೆ ಒಳಗಿಳಿದು ದಿನಗಟ್ಟಲೆ ಆ ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು. ಮೂರು ದಿನ ನೋವೇ ಇರಲಿಲ್ಲ. ದೇವರ ದಯೆ ಎಂದು ಸಿಕ್ಕವರಿಗೆಲ್ಲ ಹೇಳಿದ್ದೆ. ಆದರೆ ತಿಂಗಳು ಕಳೆದರೂ ಆರತಿ ತಟ್ಟೆ ಹಿಡಿದ ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ಬೆಳಗಲು ನನಗೆ ಮನಸ್ಸು ಬಾರದು. “ವ್ಯಾಯಾಮ ಮಾಡದಿದ್ದರೆ ಇನ್ನೇನಾಗ್ತದೆ ಮಾರಾಯ್ತಿ?” ಎಂದು ಯಜಮಾನರು ಗೊಣಗುತ್ತಿದ್ದರು.

“ಸ್ನಾಯು ಮತ್ತೆ ಬೆಳೆಯುತ್ತದೆ. ಎಷ್ಟು ದಿನ ಬೇಕೆಂದು ಸುಳ್ಳು ಹೇಳಲಾರೆ,” ಎಂದರು ಡಾಕ್ಟರು.

ಈಗ ತಟ್ಟೆ ಗದ್ದದವರೆಗೆ ಏರುತ್ತದೆ. ಬೆಳಗುವಾಗ ಆ ಡಾಕ್ಟರ ಹೆಸರನ್ನೂ ಹೇಳಿಕೊಳ್ಳುತ್ತೇನೆ. ಕೃಷ್ಣನ ಪಟವನ್ನು ಯಜಮಾನರೇ ಅಷ್ಟೇ ಎತ್ತರಕ್ಕೆ ಇಳಿಸಿ ಮೊಳೆ ಹೊಡೆದಿದ್ದಾರೆ.