ಕೇಸ್ ಎಲ್ಸ್‌ಗೆ ಬಿದ್ದ ಬಂಗಡೆ

ಮಕ್ಕಳೇ, ನಿಮ್ಮ ಅಜ್ಜಿ ಪ್ರೋಗ್ರಾಮ್ ಬರೆದವಳು ಎಂದು ನಿಮ್ಮ ಅಮ್ಮ ಹೇಳಿದಾಗ ನೀವು ಬಿದ್ದು ಬಿದ್ದು ನಕ್ಕಿರಿ. ನಗುವುದರಲ್ಲಿ ತಪ್ಪಿಲ್ಲ. ಎದುರಿಗೆ ಕೂತು ವಿವರಿಸಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಕಾರವಾರದಲ್ಲಿ ಉದ್ಯೋಗಸ್ಥ ಮಹಿಳೆಯರ ಒಂದು ಹಾಸ್ಟೆಲ್ಲಿನ ಅಡುಗೆಮನೆ ಸೇರಿದೆ. ದಿನವೂ ಅಂಕೋಲೆಯಿಂದ ಬಸ್ಸು. ನೆಲದ ಮೇಲೆ ಈಳಿಗೆಮಣೆ ಹಿಡಿದು ಕೂತರೆ ಏಳಲು ಗೋಡೆ ಬೇಕು, ಇಲ್ಲವೇ ಇನ್ನೊಬ್ಬರ ಕೈ ಬೇಕು. ಮೊಣಕಾಲು ಅಷ್ಟು ಕೆಟ್ಟಿತ್ತು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ವಾರ್ಡನ್ ನನಗೆ ಮರುದಿನದ ಅಡುಗೆ ಪಟ್ಟಿ ಬರೆಯುವ ಕೆಲಸ ಕೊಟ್ಟರು. ಆಮೇಲೆ ಕಂಪ್ಯೂಟರ್ ಬಂತು. ಕಂಪ್ಯೂಟರಿನ ಜೊತೆ ಒಂದು ಕುರ್ಚಿಯೂ ಬಂತು.

"ನೋಡಿ ಇವರೇ," ಎಂದರು ವಾರ್ಡನ್. "ಒಂದು ಗುಂಡಿ ಒತ್ತಿದರೆ ಪಟ್ಟಿ ತಾನೇ ಬರಬೇಕು. ಮ್ಯಾಕ್ರೊ ಅಂತಾರಂತೆ. ಎರಡು ತಿಂಗಳು ನೋಡೋಣ. ಆಗದಿದ್ದರೆ ನೀವು ಅಡುಗೆಮನೆಗೇ ಹೋಗಿ."

ಮ್ಯಾಕ್ರೊ ಬಂದರೆಷ್ಟು ಬಿಟ್ಟರೆಷ್ಟು, ನನಗೆ ಬೇಕಾಗಿದ್ದದ್ದು ಕುರ್ಚಿ.

ನಮ್ಮ ಕಡೆ ಅಡುಗೆ ಪಟ್ಟಿ ಎಂದರೆ ಒಂದೇ ಪ್ರಶ್ನೆ: ನಾಳೆ ಮೀನು ಉಂಟೋ ಇಲ್ಲವೋ. ಸೋಮವಾರ ಇಲ್ಲ, ಗುರುವಾರ ಇಲ್ಲ, ಶನಿವಾರ ಇಲ್ಲ. ಉಳಿದ ದಿನ ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇದರ ಮೇಲೆ ಸಂಕಷ್ಟಿ, ಏಕಾದಶಿ, ಶ್ರಾವಣ ಮಾಸ. ನಮ್ಮ ಅಡುಗೆಯವಳು ಬೇಲೆಕೇರಿಯ ಮೀನುಗಾರರ ಮನೆಯವಳು, ನನಗಿಂತ ಹಿರಿಯಳು, ನಾನು ಅಕ್ಕ ಎನ್ನುತ್ತಿದ್ದೆ. ಇದೆಲ್ಲವೂ ಅವಳ ತಲೆಯಲ್ಲಿತ್ತು. ಅದನ್ನು ಹೊರಗೆ ತೆಗೆದು ಯಂತ್ರದೊಳಗೆ ತುಂಬುವುದು ನನ್ನ ಪಾಲಿಗೆ ಬಂತು.

ಏಳನೆಯ ತರಗತಿಯ ಇಂಗ್ಲಿಷಿನಲ್ಲಿ 'ಇಫ್' ಎಂದರೆ ಏನೆಂದು ಕಲಿತಿದ್ದೆ. ಅಷ್ಟು ಸಾಕಾಯಿತು. ಆ ತಿಂಗಳ ತಿಥಿಗಳ ತಾರೀಖನ್ನು ಅಕ್ಕನಿಂದಲೇ ಕೇಳಿ, ಅವಳು ಯೋಚಿಸುವ ಕ್ರಮದಲ್ಲೇ ಬರೆದೆ. ಇಫ್, ನಾಳೆ ಸಂಕಷ್ಟಿಯಾದರೆ ಮೀನು ಇಲ್ಲ. ಎಲ್ಸ್ ಇಫ್, ಏಕಾದಶಿಯಾದರೆ ಇಲ್ಲ. ಎಲ್ಸ್ ಇಫ್, ಶ್ರಾವಣವಾದರೆ ಇಲ್ಲ. ಎಲ್ಸ್ ಇಫ್, ಸೋಮವಾರವಾದರೆ ಇಲ್ಲ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು, ಕೊನೆಯಲ್ಲಿ 'ಎಲ್ಸ್' ಎಂಬ ಅಂಗಳಕ್ಕೆ ಬಂದರೆ ಮೀನು. ಮೊದಲ ತಿಂಗಳು ಅದು ಚೆನ್ನಾಗಿಯೇ ನಡೆಯಿತು. ಯಾರೂ ಹೊಗಳಲಿಲ್ಲ. ಊಟ ಸರಿಯಾಗಿದ್ದರೆ ಯಾರೂ ಹೊಗಳುವುದಿಲ್ಲವಲ್ಲ, ಹಾಗೆ.

ಹಾಸ್ಟೆಲ್ಲಿನಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಅಕ್ಕೋರು, ಅಂದರೆ ಟೀಚರು, ಇದ್ದರು. ಮೈಸೂರು ಕಡೆಯವರು. ಒಂದು ಮಧ್ಯಾಹ್ನ ನನ್ನ ಹಿಂದೆ ನಿಂತು ಪರದೆ ನೋಡಿದರು.

"ಅಯ್ಯೋ, ಇಷ್ಟುದ್ದ ಏಣಿ ಯಾಕಮ್ಮಾ? ಸೆಲೆಕ್ಟ್ ಕೇಸ್ ಹಾಕಿ. ವಾರ ಯಾವುದು ಅಂತ ಒಂದೇ ಸಲ ಕೇಳಿ, ಅದರದರ ಖಾನೆಗೆ ಹಾಕೋದು. ಎಷ್ಟು ನೀಟಾಗಿರತ್ತೆ ನೋಡಿ."

ಅವರೇ ಕೂತು ಬರೆದುಕೊಟ್ಟರು. ಕೇಸ್ ಸೋಮ, ಗುರು, ಶನಿ: ಮೀನು ಇಲ್ಲ. ಕೇಸ್ ಎಲ್ಸ್: ಮೀನು. ಅಷ್ಟೇ. ನೋಡಲು ನಿಜಕ್ಕೂ ಚೆಂದ. ಬೇಲೆಕೇರಿ ದಡದಲ್ಲಿ ಬಲೆ ಬಿಚ್ಚಿದಾಗ ಬಂಗಡೆ ಒಂದು ಬುಟ್ಟಿಗೆ, ತಾರಲೆ ಒಂದು ಬುಟ್ಟಿಗೆ, ಸಿಗಡಿ ಒಂದು ಬುಟ್ಟಿಗೆ ಹಾಕುತ್ತಾರಲ್ಲ, ಹಾಗೆ. ಅಲ್ಲಿ ಕೇಳುವುದು ಒಂದೇ ಮಾತು, ಇದು ಯಾವ ಮೀನು? ಒಂದೇ ಪ್ರಶ್ನೆಗೆ ಹಲವು ಉತ್ತರಗಳಿರುವಾಗ ಸೆಲೆಕ್ಟ್ ಕೇಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ.

ನನ್ನ ಸಂಕಷ್ಟಿಯ ಸಾಲು ಎಲ್ಲಿ ಹೋಯಿತು ಎಂದು ನನಗೆ ಆಗಲೇ ಅನ್ನಿಸಿತ್ತು. ಸಂಕಷ್ಟಿ ಯಾವ ವಾರವಾದರೂ ಬರಬಹುದು, ಅದಕ್ಕೆ ಈ ಖಾನೆಗಳಲ್ಲಿ ಜಾಗವಿಲ್ಲ. ಮಾತು ಬಾಯಿಯ ತನಕ ಬಂತು. ಆದರೆ ನಾನು ಓದಿದ ಶಾಲೆಯಲ್ಲಿ ಅಕ್ಕೋರಿಗೆ 'ಇದು ತಪ್ಪು' ಎಂದು ಹೇಳಿದವರು ಯಾರೂ ಇರಲಿಲ್ಲ. ಅಕ್ಕೋರು ಹಲಗೆಯ ಮೇಲೆ ಐದೂ ಮೂರೂ ಒಂಬತ್ತು ಎಂದು ಬರೆದರೆ ನಾವೂ ಒಂಬತ್ತು ಎಂದೇ ಬರೆದುಕೊಳ್ಳುತ್ತಿದ್ದೆವು. "ಹೌದು ಅಕ್ಕೋರೆ, ಚೆಂದ ಆಯಿತು," ಎಂದೆ. ಪಾಪ, ಅವರದಾದರೂ ಏನು ತಪ್ಪು? ಮೀನನ್ನೇ ತಿನ್ನದವರು. ಅವರಿಗೆ ಏಳೂ ದಿನ ಒಂದೇ.

ಮುಂದಿನ ತಿಂಗಳು ಸಂಕಷ್ಟಿ ಮಂಗಳವಾರ ಬಂತು. ಮಂಗಳವಾರದ ಸಂಕಷ್ಟಿ ಎಂದರೆ ಅಂಗಾರಕ ಸಂಕಷ್ಟಿ. ಬೇರೆ ತಿಂಗಳು ಉಪವಾಸ ಮಾಡದವರೂ ಅಂದು ಮಾಡುತ್ತಾರೆ. ನಾನು ಸೋಮವಾರ ಮಧ್ಯಾಹ್ನ ಗುಂಡಿ ಒತ್ತಿದೆ. ಯಂತ್ರ ಮಂಗಳವಾರವನ್ನು ಕೇಸ್ ಎಲ್ಸ್‌ಗೆ ಹಾಕಿ, 'ಬಂಗಡೆ, ಎಲ್ಲರಿಗೂ' ಎಂದು ಮುದ್ದಾಗಿ ಅಚ್ಚು ಹಾಕಿತು. ಅಕ್ಕ ಅಂದು ರಜೆಯಲ್ಲಿದ್ದಳು. ಪಟ್ಟಿ ನೇರವಾಗಿ ಮೀನಿನವಳ ಕೈಗೆ ಹೋಯಿತು.

ಮರುದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಎರಡು ಬುಟ್ಟಿ ಬಂಗಡೆ ಅಡುಗೆಮನೆಯ ಬಾಗಿಲಲ್ಲಿ ಹೊಳೆಯುತ್ತಿದ್ದವು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳಿಗೂ ಉಪವಾಸ.

"ಏ ತಂಗಿ, ನಿನ್ನ ಪೆಟ್ಗಿಗೆ ಗಣಪತಿ ಮೇಲೆ ಎಂತ ಸಿಟ್ಟು?"

"ಅದು... ವಾರ ನೋಡ್ತದೆ ಅಕ್ಕ. ತಿಥಿ ನೋಡೂದಿಲ್ಲ."

"ತಿಥಿ ನೋಡೂಕೆ ನಿಂಗೆ ಕಣ್ಣಿಲ್ವೆ? ಗೋಡೆ ಮೇಲೆ ಕ್ಯಾಲೆಂಡರ್ ಎಂತಕೆ ತೂಗಿ ಹಾಕಿದ್ದು, ಸೊಳ್ಳೆ ಓಡ್ಸೂಕಾ?"

ಅವಳು ಉಪವಾಸದಲ್ಲಿ ಮೀನು ಮುಟ್ಟಲಾರಳು. ನಾನು ವ್ರತ ಮಾಡುವವಳಲ್ಲ. ಹಾಗಾಗಿ ನಾನೇ ನೆಲದ ಮೇಲೆ ಈಳಿಗೆಮಣೆ ಹಿಡಿದು ಕೂತು ಎರಡು ಬುಟ್ಟಿಯನ್ನೂ ಸೀಳಿ, ಉಪ್ಪು ಹಚ್ಚಿ, ತಾರಸಿಯ ಮೇಲೆ ಒಣಗಲು ಹರಡಿದೆ. ತಾರಸಿಯಲ್ಲೇ ಎಲ್ಲರೂ ಬಟ್ಟೆ ಒಣಗಿಸುವುದು. ಆ ವಾರ ಕಾರವಾರದ ಹಲವು ಕಚೇರಿಗಳಿಗೆ ನಮ್ಮ ಹಾಸ್ಟೆಲ್ಲಿನ ಸೀರೆಗಳು ತಮ್ಮ ಊರಿನ ಪರಿಮಳವನ್ನು ಹೊತ್ತುಕೊಂಡೇ ಹೋದವು.

ವಾರ್ಡನ್ ಕರೆದರು. ಅವರ ಕಿಟಕಿ ತಾರಸಿಯ ಕಡೆಗೇ ಇತ್ತು.

"ಎರಡು ತಿಂಗಳು ಅಂದಿದ್ದೆ. ಇನ್ನು ಹತ್ತು ದಿನ ಉಳಿದಿದೆ. ಇನ್ನೊಮ್ಮೆ ಹೀಗಾದರೆ ಕುರ್ಚಿ ಬೇರೆಯವರಿಗೆ."

ನಾನು ಗೋಡೆ ಹಿಡಿದು ನಿಂತಿದ್ದೆ. ಬಂಗಡೆ ಸೀಳಿದ ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ.

ಅಂದೇ ಮಧ್ಯಾಹ್ನ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿಕೊಂಡು ಅಕ್ಕನ ಪಕ್ಕದಲ್ಲಿ ಕೂತೆ. ಅವಳು ಹೇಳಿದ ಹಾಗೆ ಸಂಕಷ್ಟಿ, ಏಕಾದಶಿ, ಶ್ರಾವಣದ ದಿನಗಳನ್ನೆಲ್ಲ ಕಂಪ್ಯೂಟರಿನ ಹಾಳೆಯ ಒಂದು ಕಾಲಮ್ಮಿನಲ್ಲಿ ತುಂಬಿದೆ. ಆಮೇಲೆ ಅಕ್ಕೋರ ಸೆಲೆಕ್ಟ್ ಕೇಸನ್ನು ಅಳಿಸಲಿಲ್ಲ. ಅಳಿಸಲು ಧೈರ್ಯ ಬರಲಿಲ್ಲ ಎನ್ನುವುದೇ ನಿಜ. ಅದರ ಹೊರಗೆ ನನ್ನದೊಂದು ಇಫ್ ಕಟ್ಟಿದೆ. ನಾಳೆಯ ತಾರೀಖು ಆ ಕಾಲಮ್ಮಿನಲ್ಲಿ ಸಿಕ್ಕಿದರೆ ಮೀನು ಇಲ್ಲ, ಮಾತು ಮುಗಿಯಿತು. ಸಿಗದಿದ್ದರೆ ಮಾತ್ರ ಒಳಗೆ ಹೋಗಿ ವಾರ ಕೇಳು. ಬೇರೆ ಬೇರೆ ಪ್ರಶ್ನೆಗಳಿಗೆ ಇಫ್, ಒಂದೇ ಪ್ರಶ್ನೆಗೆ ಸೆಲೆಕ್ಟ್ ಕೇಸ್. ಇಷ್ಟನ್ನು ತಿಳಿಯಲು ನನಗೆ ಎರಡು ಬುಟ್ಟಿ ಬಂಗಡೆ ಬೇಕಾಯಿತು.

ಅಕ್ಕೋರಿಗೆ ತೋರಿಸಿದಾಗ ಅವರು ಹಣೆ ಚಚ್ಚಿಕೊಂಡರು. "ಮೊದಲೇ ಹೇಳಬಾರದಿತ್ತಾ ಅಮ್ಮಾ?"

"ಹೇಳಬಹುದಿತ್ತು ಅಕ್ಕೋರೆ," ಎಂದೆ. ಅದನ್ನೂ ನೆಲ ನೋಡಿಯೇ ಹೇಳಿದೆ.

ಏಕಾದಶಿ ಮುಂದಿನ ಬುಧವಾರ ಬಂತು. ಮಂಗಳವಾರ ಮಧ್ಯಾಹ್ನ ವಾರ್ಡನ್ ಸ್ವತಃ ಪ್ರಿಂಟರಿನ ಪಕ್ಕ ನಿಂತರು. ಗುಂಡಿ ಒತ್ತಿದೆ. 'ಮೀನು ಇಲ್ಲ' ಎಂದು ಬಂತು. ಅವರು ಹಾಳೆ ಹಿಡಿದು ನೋಡಿ, ಯಂತ್ರದ ನೆತ್ತಿ ತಟ್ಟಿದರು.

"ನೋಡಿದಿರಾ, ಕಂಪ್ಯೂಟರ್ ತಾನೇ ತಿದ್ದಿಕೊಂಡಿತು!"

ನಾನು ಹೌದೆಂದು ತಲೆಯಾಡಿಸಿದೆ. ಕುರ್ಚಿ ಉಳಿಯಿತು. ಅದರ ಒಂದು ಕಾಲು ಕುಂಟುತ್ತಿತ್ತು, ಅದೂ ಹಾಗೆಯೇ ಉಳಿಯಿತು. ಕಂಪ್ಯೂಟರಿಗೆ ಮಾತ್ರ ಹೂವಿನ ಚಿತ್ರದ ಹೊಸ ಹೊದಿಕೆ ಬಂತು.

ಆ ಸಂಜೆ ಅಕ್ಕ ಅಡುಗೆಮನೆಯಿಂದ ಕೂಗಿದಳು. "ಏ ತಂಗಿ, ಪೆಟ್ಗಿಗೆ ಬುದ್ಧಿ ಬಂತಂತೆ? ಮುಂದಿನ ತಿಂಗಳ ಸಂಕಷ್ಟಿ ಯಾವತ್ತು ಅಂತ ಅದ್ರ ಹತ್ರ ಕೇಳ್ತ್ಯಾ, ನನ್ನ ಹತ್ರ ಕೇಳ್ತ್ಯಾ?"

ನಾನು ಕುಂಟು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋಗಿ, ಕೂತೇ ಅಕ್ಕನನ್ನು ಕೇಳಿದೆ.