ಸೋಮಲಿಂಗಪ್ಪನವರ ಶೂ
ಜೆ.ಪಿ. ನಗರದ ನಮ್ಮ ಮನೆ ಮಾಲೀಕರಾದ ಸೋಮಲಿಂಗಪ್ಪನವರು ಯಾರು ಎದುರಾದರೂ ಮೊದಲು ನೋಡುವುದು ಕಾಲನ್ನು, ಮುಖ ಆಮೇಲೆ. ಪಾದರಕ್ಷೆಗಳ ಅಳತೆ ನಿಗದಿ ಮಾಡುವ ಅಂತರರಾಷ್ಟ್ರೀಯ ಸಮಿತಿಯೊಂದರಲ್ಲಿ ಅವರು ಸದಸ್ಯರು. "ವಿಯೆಟ್ನಾಂನಲ್ಲಿ ಹೊಲಿದ ಶೂ ಪೋಲೆಂಡಿನ ಹುಡುಗೀಗೆ ಕಚ್ಚಲ್ಲ ಅಂದ್ರೆ, ಎಲ್ಲೋ ನಾವೊಂದಷ್ಟು ಜನ ಕೂತು ಜಗಳ ಆಡಿದೀವಿ ಅಂತ ಅರ್ಥ, ನೋಡಿ," ಎನ್ನುತ್ತಾ ಕಿಟಕಿಯಾಚೆ ದೃಷ್ಟಿ ನೆಡುತ್ತಾರೆ. ಆಗ ಎದುರಿನ ಮಿನಿ ಫಾರೆಸ್ಟ್ ಪಾರ್ಕಿನ ಮರಗಳ ಮೇಲೆ ಅವರಿಗೆ ಹಡಗುಗಳು ತೇಲುವುದು ಕಾಣುತ್ತದೆ. ಹಡಗುಗಳ ತುಂಬ ಡಬ್ಬಗಳು, ಡಬ್ಬಗಳ ತುಂಬ ಇನ್ನೂ ನೆಲ ಮುಟ್ಟದ ಚಪ್ಪಲಿಗಳು. ಮನೆಯೊಳಗೂ ಅವರು ಶೂ ಬಿಚ್ಚುವುದಿಲ್ಲ. ದೇವಸ್ಥಾನಕ್ಕೆ ಹೋದರೆ ಹೆಂಡತಿ ಉಮಾಮಹೇಶ್ವರಿಯವರಿಗೆ, "ನೀನು ಹೋಗ್ಬಾ, ನಾನು ಚಪ್ಪಲಿ ನೋಡ್ಕೊಂಡಿರ್ತೀನಿ," ಎಂದು ಬಾಗಿಲಲ್ಲೇ ನಿಂತು, ಚಪ್ಪಲಿ ರಾಶಿಯ ಅಳತೆಗಳನ್ನು ಮಂತ್ರದಂತೆ ಗುನುಗುತ್ತಾರೆ. ನಾವೆಲ್ಲ ಮರೆಯಲ್ಲಿ ನಗುತ್ತಿದ್ದೆವು. ಮಧ್ಯಾಹ್ನದ ಆನ್‌ಲೈನ್ ಸಭೆಗೆ ಯಾವ ಕರಡು ಬಂದರೂ ಅವರದು ಒಂದೇ ಬೇಡಿಕೆ: ಒಂದು ಜೋಡಿಯ ಎಡ, ಬಲ ಬೇರೆ ಬೇರೆ ಅಳತೆಯಲ್ಲೂ ಸಿಗಬೇಕು. ವ್ಯಾಪಾರಕ್ಕೆ ಗಿಟ್ಟುವುದಿಲ್ಲವೆಂದು ಉಳಿದ ದೇಶದವರು ಪ್ರತಿಸಲವೂ ಆ ಸಾಲನ್ನು ಹೊಡೆದುಹಾಕುತ್ತಾರೆ. "ಆಗ್ಲಿ, ಮುಂದಿನ ಸಲ ನೋಡೋಣ," ಎಂದು ಇವರು ನಗುತ್ತಾರೆ. ಮೊನ್ನೆ, ಮನೆಯೊಳಗೂ ಬಿಚ್ಚದ ಆ ಶೂಗಳನ್ನು ತೊಳೆದು ಮೆಟ್ಟಿಲ ಮೇಲೆ ಬಿಸಿಲಿಗಿಟ್ಟಿದ್ದರು. ದಾಟಿ ಬರುವಾಗ ಬಗ್ಗಿ ನೋಡಿದೆ. ಹೊರಗಿನಿಂದ ಎರಡೂ ಒಂದೇ ಅಳತೆ. ಎಡಗಾಲಿನದರೊಳಗೆ ಮಾತ್ರ ಉಮಾಮಹೇಶ್ವರಿಯವರ ಹಳೇ ಸೀರೆಯನ್ನು ಮಡಿಸಿ ಹೊಲಿದ ಮೆತ್ತೆಯಿತ್ತು, ಮಗುವಿನ ಪಾದದಷ್ಟೇ ಜಾಗ ಬಿಟ್ಟು.